ಬೋರ್ಡಪ್ಪನ ಬಿಳಿ ಗೆರೆ

ಬಂದರಿನಲ್ಲಿ ದೋಣಿಗಳು ಬಂದು ನಿಲ್ಲುವ ಧಕ್ಕೆಯ ಬೀದಿಯಲ್ಲಿ ಕಣ್ಣಿಗೆ ಬೀಳುವ ಅಕ್ಷರಗಳೆಲ್ಲವೂ ಒಂದೇ ಕೈಯಿಂದ ಇಳಿದವು. ಹಗ್ಗದಂಗಡಿಯ ಹಲಗೆ, ಕ್ಷೌರದಂಗಡಿಯ ಕನ್ನಡಿಯ ಮೇಲೆ ಬಳ್ಳಿಯಂತೆ ಹಬ್ಬಿದ ಬರಹ, ಮಂಜುಗಡ್ಡೆ ಕಾರ್ಖಾನೆಯ ಗೋಡೆಯ ಮೇಲೆ ಆಳೆತ್ತರಕ್ಕೆ ನಿಂತ ‘ಇಲ್ಲಿ ಉಗುಳಬಾರದು’ ಎಂಬ ಆಜ್ಞೆ, ಎಲ್ಲವೂ ಬೋರ್ಡು ಬರೆಯುವ ಬೋರ್ಡಪ್ಪನವು. ದಾರ ಕಟ್ಟದೆ, ಅಳತೆಗೋಲು ಮುಟ್ಟದೆ, ಉಸಿರು ಬಿಗಿಹಿಡಿದು ಆತ ಎಳೆದ ಗೆರೆಯನ್ನು ಆಮೇಲೆ ದಾರ ಹಿಡಿದು ಪರೀಕ್ಷಿಸಿದವರು ತಮ್ಮ ದಾರವನ್ನೇ ಸಂಶಯಿಸುತ್ತಿದ್ದರು.

ಇಂಥವನ ಮಗಳು ಹಾಯಿ ಹೊಲಿಯುವವಳು. ಅಳಿಯ ದೋಣಿ ಕಟ್ಟುವ ಬಡಗಿ. ಬೇರೆಯವರು ಪೆನ್ನಿಟ್ಟುಕೊಳ್ಳುವ ಜೇಬಿನಲ್ಲಿ ಅಳಿಯ, ನೆಲ ಸಮವಾಗಿದೆಯೇ ಎಂದು ಗಾಜಿನೊಳಗಿನ ಗುಳ್ಳೆಯಿಂದ ತೋರಿಸುವ ರಸಮಟ್ಟವೊಂದನ್ನು ಇಟ್ಟುಕೊಂಡಿರುತ್ತಿದ್ದ. ಊಟಕ್ಕೆ ಕೂತರೂ ಮೊದಲು ಮೇಜಿನ ಮೇಲೆ ಅದನ್ನಿಟ್ಟು, ಗುಳ್ಳೆ ನಡುವೆ ನಿಂತ ಮೇಲೆಯೇ ತುತ್ತೆತ್ತುತ್ತಾನೆಂದು ಬೀದಿಯವರು ಹೇಳಿಕೊಂಡು ನಗುತ್ತಿದ್ದರು. ಯಾರೋ ಕೈಬಿಟ್ಟಿದ್ದ ಹಾಯಿದೋಣಿಯೊಂದನ್ನು ಗಂಡಹೆಂಡಿರಿಬ್ಬರೂ ಸೇರಿ ಹಲಗೆ ಹಲಗೆಯಾಗಿ ಮರಳಿ ಕಟ್ಟಿದ್ದರು. ಈಗ ಅದರಲ್ಲಿ ಸಾಗರ ದಾಟಿ, ಬಂದರಿನಿಂದ ಬಂದರಿಗೆ ಅಲೆದು, ಮನಸ್ಸು ತಣಿದ ಮೇಲೆ ಮನೆಗೆ ಮರಳುವುದೆಂದು ನಿಶ್ಚಯವಾಗಿತ್ತು. ಅನುಕೂಲವಾದ ಗಾಳಿ ಬೀಸುವ ಕಾಲ ಮುಗಿಯುತ್ತ ಬಂದಿತ್ತು. ಈ ವಾರ ಹೊರಡದಿದ್ದರೆ ಮುಂದಿನ ವರ್ಷದವರೆಗೆ ದೋಣಿಯನ್ನು ಧಕ್ಕೆಗೆ ಕಟ್ಟಿ ನೋಡುತ್ತ ಕೂರಬೇಕು.

ಸಾಮಾನು ತುಂಬುವ ದಿನ ಬೆಳಗಿನಿಂದಲೇ ಧಕ್ಕೆಯ ಮೆಟ್ಟಿಲಿಗೂ ದೋಣಿಗೂ ನಡುವೆ ಹಾಕಿದ ಹಲಗೆ ನರಳತೊಡಗಿತು. ನೀರಿನ ಕ್ಯಾನುಗಳು, ಹಗ್ಗದ ಸಿಂಬಿಗಳು, ಲಂಗರು, ಲಂಗರಿನ ಸರಪಳಿ, ಹಿಟ್ಟಿನ ಡಬ್ಬ, ಈರುಳ್ಳಿ ಮೂಟೆ ಒಂದೊಂದಾಗಿ ಒಳಗೆ ಹೋದವು. ಬೋರ್ಡಪ್ಪನ ಅಕ್ಕ, ಎಲ್ಲರ ಬಾಯಲ್ಲೂ ದೊಡ್ಡತ್ತೆ, ಹಣ್ಣಿನ ಪಾಕ ತುಂಬಿದ ಜಾಡಿಗಳನ್ನು ಸೆರಗಿನಡಿ ಮುಚ್ಚಿಕೊಂಡು ಎರಡೆರಡಾಗಿ ಸಾಗಿಸುತ್ತಿದ್ದಳು.

ದೋಣಿಯ ಹೊಟ್ಟೆಯ ಮೇಲೆ, ಕೆಳಗಿನ ಕೆಂಪು ಮುಗಿದು ಮೇಲಿನ ನೀಲಿ ತೊಡಗುವಲ್ಲಿ, ಬೋರ್ಡಪ್ಪನ ಬಿಳಿ ಗೆರೆಯಿತ್ತು. ಅದು ಅಂದಕ್ಕೆ ಎಳೆದದ್ದಲ್ಲ. ಎಷ್ಟೇ ಭಾರ ಹೇರಿದರೂ ನೀರು ಆ ಗೆರೆಯ ಕೆಳಗೆ ನಿಲ್ಲಬೇಕು. ಗೆರೆ ಮುಳುಗಿತೆಂದರೆ ಹೊರೆ ಹೆಚ್ಚಾಯಿತು, ದೊಡ್ಡ ಅಲೆ ಬಂದಾಗ ದೋಣಿ ತಲೆ ಎತ್ತಲಾರದು ಎಂದು ಅರ್ಥ. ಸಂಜೆ ನೀರೇರಿದ ಹೊತ್ತಿಗೆ ಗೆರೆ ನೀರಿಗೆ ಮುತ್ತಿಡುವಂತೆ ನಿಂತಿತ್ತು. ಆಗಲೇ ತಂದೆ ಮಗಳಿಬ್ಬರೂ ಆ ಕಡೆ ಈ ಕಡೆ ಹಿಡಿದು, ಏದುಸಿರು ಬಿಡುತ್ತ, ಹೊಲಿಗೆ ಮೆಷಿನ್ನನ್ನು ತಂದರು.

ಕೈಯಿಂದ ತಿರುಗಿಸುವ, ಹಾಯಿಬಟ್ಟೆಯನ್ನು ನಾಲ್ಕು ಮಡಿಕೆಯಾದರೂ ಹೊಲಿಯುವ, ಎರಕದ ಕಬ್ಬಿಣದ ಯಂತ್ರ ಅದು. ಬೋರ್ಡಪ್ಪನ ತೀರಿಕೊಂಡ ಹೆಂಡತಿ ಬಂದರಿನ ಅರ್ಧ ಹಾಯಿಗಳನ್ನು ಅದರ ಮೇಲೆಯೇ ಹೊಲಿದಿದ್ದಳು. ಆಕೆ ಹೊಲಿದ ಬಟ್ಟೆ ಲೋಕವೆಲ್ಲ ಸುತ್ತಿತು. ಆಕೆ ಮಾತ್ರ ಅಲೆತಡೆ ಗೋಡೆಯ ತುದಿಯ ದೀಪದಿಂದಾಚೆಗೆ ಹೋದವಳಲ್ಲ. “ಮುಂದಿನ ವರ್ಷ ಕರ್ಕೊಂಡು ಹೋಗ್ತೀನಿ ಕಣೇ” ಎಂದು ಬೋರ್ಡಪ್ಪ ಪ್ರತಿವರ್ಷವೂ ಹೇಳುತ್ತಿದ್ದ. ಪ್ರತಿವರ್ಷವೂ ಯಾವುದಾದರೊಂದು ಅಂಗಡಿಗೆ ಅದೇ ವೇಳೆಗೆ ಹೊಸ ಬೋರ್ಡು ಬೇಕಾಗುತ್ತಿತ್ತು. ಹೆಂಡತಿಯ ಬದಲು ಮೆಷಿನ್ನಾದರೂ ಸಾಗರ ನೋಡಿ ಬರಲೆಂಬುದು ಆತ ಯಾರೆದುರೂ ಬಾಯಿಬಿಟ್ಟು ಹೇಳದ ಆಸೆ. ಮಗಳ ಲೆಕ್ಕ ಅದಕ್ಕಿಂತ ಸರಳವಾಗಿತ್ತು: ಹೋದ ಬಂದರಿನಲ್ಲೆಲ್ಲ ಹರಿದ ಹಾಯಿಗಳಿರುತ್ತವೆ, ಮೆಷಿನ್ನಿದ್ದರೆ ಹೊಟ್ಟೆಗೆ ಮೋಸವಿಲ್ಲ.

ಮೆಷಿನ್ ದೋಣಿಯೊಳಗೆ ಕೂತಿತು. ಧಕ್ಕೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಅಳಿಯ ತಲೆ ಅಲ್ಲಾಡಿಸಿದ.

“ಮುಳುಗ್ತು.”

“ಎಲ್ಲಿ ಮುಳುಗ್ತು? ಅಲೆ ಬಂದು ಹಾಗೆ ಕಾಣ್ತಿದೆ,” ಎಂದ ಬೋರ್ಡಪ್ಪ.

“ಅಲೆ ಬಂದು ಹೋಯ್ತು ಮಾವ. ಗೆರೆ ಮಾತ್ರ ಇನ್ನೂ ಬಂದಿಲ್ಲ. ಎರಡು ಬೆರಳು ಒಳಗಿದೆ.”

“ಎರಡು ಬೆರಳು! ಎರಡು ಬೆರಳಿಗೆ ಇಷ್ಟು ದೊಡ್ಡ ಸಮುದ್ರ ಕೋಪ ಮಾಡ್ಕೊಳ್ಳುತ್ತೇನೋ?” ಎಂದು ದೊಡ್ಡತ್ತೆ ಹಲಗೆಯ ಮೇಲಿಂದಲೇ ಕೂಗಿದಳು. ಅವಳ ಸೆರಗಿನಡಿ ಗಾಜು ಗಾಜಿಗೆ ತಗಲಿ ಕಿಣಿಕಿಣಿಯೆಂದಿತು.

“ದೊಡ್ಡತ್ತೆ, ಅದೇನದು ಸೆರಗಲ್ಲಿ?”

“ಬಳೆ ಕಣಪ್ಪ.”

ಮಗಳು ಗಂಡನ ಪಕ್ಕದಲ್ಲಿ ಬಂದು ಕೂತು ತಾನೂ ನೀರಿಗೆ ಬಗ್ಗಿ ನೋಡಿದಳು. ಅವಳೂ ದೋಣಿಯ ಕೆಲಸ ಬಲ್ಲವಳೇ, ವಾದಿಸಲಿಲ್ಲ. “ಬೇರೆ ಏನಾದ್ರೂ ಇಳಿಸೋಕೆ ಆಗುತ್ತಾ ನೋಡೋಣ ರೀ. ನಾಳೆ ಮಧ್ಯಾಹ್ನ ನೀರಿನ ಇಳಿತಕ್ಕೆ ತಳಕ್ಕೆ ಕೊನೇ ಬಣ್ಣ ಆಗುತ್ತೆ. ಸಂಜೆ ನೀರೇರಿ ದೋಣಿ ತೇಲಿದ ಮೇಲೆ ಇನ್ನೊಂದ್ಸಲ ಗೆರೆ ನೋಡಿ. ಆಗಲೂ ಮುಳುಗಿದ್ರೆ ಮೆಷಿನ್ ಮನೇಲಿರ್ಲಿ.”

ಹಾಗೆ ಹೇಳುತ್ತ ದೋಣಿಗೆ ಮರಳಿದ ಅವಳ ಧ್ವನಿ ನೆಟ್ಟಗೇ ಇತ್ತು. ಕೈ ಮಾತ್ರ ತೀರ ಮೆಲ್ಲಗೆ, ಮಗುವಿನ ತಲೆ ಸವರುವಂತೆ, ಮೆಷಿನ್ನಿನ ಚಕ್ರವನ್ನು ಸವರುತ್ತಿತ್ತು. ಬೋರ್ಡಪ್ಪ ಅದನ್ನು ಕಂಡ. ಕಂಡು, ಮುಖವನ್ನು ಬೇರೆಡೆಗೆ ತಿರುಗಿಸಿ, ಮಂಜುಗಡ್ಡೆ ಕಾರ್ಖಾನೆಯ ಗೋಡೆಯ ಮೇಲಿನ ತನ್ನದೇ ಅಕ್ಷರಗಳನ್ನು ಬಹಳ ಹೊತ್ತು ಓದಿದ.

ಮರುದಿನ ಗಂಡಹೆಂಡಿರು ಸೇರಿ ಎರಡು ಕುರ್ಚಿ, ಒಂದು ಮಡಕೆ, ಕಂಬಳಿಯ ಗಂಟು ಇವನ್ನೆಲ್ಲ ಇಳಿಸಿ ಹಗ್ಗದಂಗಡಿಗೆ ಹೋದರು. ನೀರು ಇಳಿದು ದೋಣಿ ಊರುಗಾಲುಗಳ ಆಸರೆಯಲ್ಲಿ ಕೆಸರಿನ ಮೇಲೆ ನೆಟ್ಟಗೆ ಕೂತಿತು. ಅದರ ಒಂದು ಮಗ್ಗುಲು ಧಕ್ಕೆಯ ಗೋಡೆಯ ಕಡೆಗೆ, ಇನ್ನೊಂದು ಕಡಲಿನ ಕಡೆಗೆ. ತಳಕ್ಕೆ ಕೆಂಪು ಬಳಿಯಲು ಬೋರ್ಡಪ್ಪ ಪ್ಯಾಂಟು ಮಡಿಚಿಕೊಂಡು ಕೆಸರಿಗಿಳಿದ. ಆತನ ಕೈಯಲ್ಲಿ ಕೆಂಪು ಬಣ್ಣದ ಡಬ್ಬಿಯಿತ್ತು. ಯಾರೂ ಹೇಳದಿದ್ದರೂ ಬಿಳಿಯದೂ ಒಂದಿತ್ತು.

ಕಡಲಿನ ಕಡೆಯ ಮಗ್ಗುಲಲ್ಲಿ ನಿಂತು ಆತ ಗೆರೆಯನ್ನು ಒಮ್ಮೆ ನೋಡಿದ. ಅಂಗಡಿಯವರು ‘ಸ್ವಲ್ಪ ಮೇಲಕ್ಕೆ ಬರೀಪ್ಪಾ, ಎದ್ದು ಕಾಣ್ಲಿ’ ಎಂದಾಗಲೆಲ್ಲ ಬರಹವನ್ನು ಮೇಲಕ್ಕೇರಿಸಿದ ಕೈ ಅದು. ಬರಹ ಮೇಲೇರಿದರೆ ಅಂಗಡಿಯೇನೂ ಕುಸಿದಿರಲಿಲ್ಲ. ಕುಂಚ ತಾನಾಗಿ ಕೆಂಪಿಗೆ ಇಳಿಯಿತು. ಹಳೆಯ ಬಿಳಿ ಗೆರೆ ಈ ತುದಿಯಿಂದ ಆ ತುದಿಯವರೆಗೆ ಕೆಂಪಿನಡಿ ಮರೆಯಾಯಿತು. ಬಳಿಕ ಉಸಿರು ಬಿಗಿಹಿಡಿದು, ದಾರವಿಲ್ಲದೆ ಅಳತೆಯಿಲ್ಲದೆ, ಅದಕ್ಕಿಂತ ನಾಲ್ಕು ಬೆರಳು ಮೇಲೆ ಹೊಸ ಗೆರೆಯನ್ನೆಳೆದ. ಅದು ಆತನ ಜೀವಮಾನದ ಗೆರೆಗಳಲ್ಲೇ ಅತಿ ಸುಂದರವಾದದ್ದು. ಬೇಗನೆ ಒಣಗುವ ಬಣ್ಣ, ಮೇಲೆ ಚುರುಗುಟ್ಟುವ ಬಿಸಿಲು. ಎರಡು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ, ತನ್ನ ಕೆಲಸವನ್ನು ಕಣ್ತುಂಬ ನೋಡಿದ. ಇನ್ನೂ ಸ್ವಲ್ಪ ನೋಡಿದ.

ಆ ಸ್ವಲ್ಪವೇ ಹೆಚ್ಚಾಯಿತು. ಡಬ್ಬಿಗಳನ್ನೆತ್ತಿಕೊಂಡು ಗೋಡೆಯ ಕಡೆಯ ಮಗ್ಗುಲಿಗೆ ಬರುವಷ್ಟರಲ್ಲಿ ಪಾದ ತಣ್ಣಗಾಯಿತು. ನೀರು ಏರುತ್ತಿತ್ತು. ಗೋಡೆಗೂ ದೋಣಿಗೂ ನಡುವಿನ ಇಕ್ಕಟ್ಟಿನಲ್ಲಿ ಮೈ ತೂರಿಸಿ ಕುಂಚವೆತ್ತುವಾಗ ಅದು ಮೊಣಕಾಲಿಗೆ ಬಂತು. ಬಿಳಿ ಬಣ್ಣದ ಡಬ್ಬಿ ಯಾರಪ್ಪಣೆಯೂ ಇಲ್ಲದೆ ತೇಲುತ್ತ ಹೊರಟಿತು. ಅದನ್ನು ಹಿಡಿಯಲು ಹೋಗಿ ಬೋರ್ಡಪ್ಪ ಸೊಂಟದವರೆಗೆ ತೊಯ್ದ. ಈ ಮಗ್ಗುಲಿನ ಗೆರೆ ಹಿಂದೆ ಇದ್ದಲ್ಲೇ ಉಳಿಯಿತು. ನಾಳಿನ ಇಳಿತಕ್ಕೆ ಇದನ್ನೂ ಮುಗಿಸಿಬಿಡುತ್ತೇನೆಂದು ಆತ ತನಗೆ ತಾನೇ ಧೈರ್ಯ ಹೇಳಿಕೊಂಡ.

ಸಂಜೆ ದೋಣಿ ತೇಲಿತು. ಅಳಿಯ ಕಿರುದೋಣಿಯಲ್ಲಿ ಕೂತು ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಕಡಲಿನ ಕಡೆ ಗೆರೆ ನೀರಿನಿಂದ ಎದ್ದು ಹೊಳೆಯುತ್ತಿತ್ತು. ಗೋಡೆಯ ಕಡೆ ಕಾಣದಂತೆ ಮುಳುಗಿತ್ತು.

“ಅಯ್ಯೋ, ಇಷ್ಟೇನಾ!” ಎಂದು ಅವನು ಹಣೆ ಚಚ್ಚಿಕೊಂಡ. “ಭಾರ ಹೆಚ್ಚಾಗಿಲ್ಲ ಕಣೇ! ಎಲ್ಲಾ ಗೋಡೆ ಕಡೇನೇ ತುಂಬಿದೀವಿ, ದೋಣಿ ಆ ಕಡೆ ವಾಲಿದೆ. ಅರ್ಧ ಈ ಕಡೆ ಸರಿಸಿದ್ರೆ ಎರಡೂ ಗೆರೆ ಸರಿಯಾಗುತ್ತೆ. ನಿನ್ನ ಮೆಷಿನ್ ಬರ್ತಿದೆ!”

ಮಗಳು ಕುಣಿದಳು. ನೀರಿನ ಕ್ಯಾನುಗಳು, ಸರಪಳಿ, ಜಾಡಿಗಳು ಎಲ್ಲ ಕಡಲಿನ ಕಡೆಗೆ ಸರಿದವು. ಎರಡು ಗೆರೆಗಳೂ ನೀರಿನ ಅಂಚಿಗೆ ಸಮನಾಗಿ ಬಂದು ನಿಂತಾಗ ಅಳಿಯ ಮಾವನ ಕೈ ಹಿಡಿದು ಕುಲುಕಿ, “ನಿಮ್ಮ ಗೆರೆ ಇದ್ದಿದ್ದಕ್ಕೆ ಗೊತ್ತಾಯ್ತು ನೋಡಿ,” ಎಂದ. ತುಟಿ ನಗುತ್ತಿದ್ದರೂ ಬೋರ್ಡಪ್ಪ ಅಂಗಿಯ ತೋಳನ್ನು ಕೆಳಕ್ಕೆಳೆದು, ಮಣಿಕಟ್ಟಿನ ಮೇಲಿದ್ದ ಬಿಳಿ ಬಣ್ಣದ ಚುಕ್ಕೆಯನ್ನು ಮುಚ್ಚಿಕೊಂಡ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಳ್ಳುವುದಕ್ಕೆ ಯಾರಾದರೂ ಕೂಗುವವರೆಗೆ ಕಾಯುತ್ತಾನೆ. ಬೋರ್ಡಪ್ಪ ಅಷ್ಟೂ ಕಾಯಲಿಲ್ಲ.

ಬೆಳಗಾಯಿತು. ದೋಣಿಯೊಳಗಿನ ಪುಟ್ಟ ಅಡುಗೆ ಗೂಡಿನಲ್ಲಿ ದೊಡ್ಡತ್ತೆ ಚಹಾ ಸೋಸಿ ಲೋಟಗಳನ್ನು ಹಲಗೆಯ ಮೇಲಿಟ್ಟಳು. ಲೋಟಗಳು ಸಾಲಾಗಿ, ಯಾವುದೋ ಮೆರವಣಿಗೆಗೆ ಹೊರಟಂತೆ, ಕಡಲಿನ ಕಡೆಗೆ ಜಾರಿದವು. ಮೂಟೆಯಿಂದ ತಪ್ಪಿಸಿಕೊಂಡ ಈರುಳ್ಳಿಯೊಂದು ಅವುಗಳ ಹಿಂದೆ ಉರುಳಿತು.

“ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಳಂತೆ. ನಿನ್ನ ನೆಲ ನಿಜವಾಗಿಯೂ ಡೊಂಕು ಕಣಪ್ಪ!”

ಅಳಿಯ ಜೇಬಿನಿಂದ ರಸಮಟ್ಟ ತೆಗೆದು ನೆಲದ ಮೇಲಿಟ್ಟ. ಗುಳ್ಳೆ ಎತ್ತರವಿದ್ದ ಕಡೆಗೆ ಓಡಿಹೋಗಿ ಗೋಡೆಯ ಕಡೆಯ ತುದಿಗೆ ಅಂಟಿಕೊಂಡಿತು. ಹೊರಗೆ ಬಂದು ಗೆರೆ ನೋಡಿದ. ಎರಡೂ ಕಡೆ ಸರಿಸಮ. ಒಳಗೆ ಹೋಗಿ ಗುಳ್ಳೆ ನೋಡಿದ, ಮಿಸುಕಾಡಲಿಲ್ಲ. ಗೆರೆ ಮಾವನದು, ಆದ್ದರಿಂದ ರಸಮಟ್ಟ ಕೆಟ್ಟಿರಬೇಕೆಂದು ತೀರ್ಮಾನಿಸಿ, ಕಟ್ಟಡದ ಮೇಸ್ತ್ರಿಯ ಬಳಿ ಇನ್ನೊಂದನ್ನು ಎರವಲು ತಂದ. ಅದೂ ಅದೇ ಮಾತು ಹೇಳಿತು.

ಆಗ ಅವನ ಮುಖದ ಬಣ್ಣ ಇಳಿಯಿತು. ಉಳಿ ಸುತ್ತಿಗೆ ತಂದು, ದೋಣಿಯ ಒಳನೆಲದ ಹಲಗೆಗಳನ್ನು ಒಂದೊಂದಾಗಿ ಎಬ್ಬಿಸತೊಡಗಿದ.

“ಏನ್ರೀ ಇದು?” ಎಂದಳು ಮಗಳು.

“ಗೆರೆ ಸರಿಯಿದೆ. ರಸಮಟ್ಟ ಸರಿಯಿದೆ. ಹಾಗಾದ್ರೆ ದೋಣಿಯ ಮೈಯೇ ತಿರುಚಿಕೊಂಡಿದೆ. ನಾನು ಹಾಕಿದ ಹೊಸ ಹಲಗೆಗಳು ಸರಿಯಾಗಿ ಒಣಗಿರ್ಲಿಲ್ಲ ಅನ್ಸುತ್ತೆ. ನನ್ನದೇ ತಪ್ಪು.” ಅವನು ಬೆವರನ್ನು ಮೊಣಕೈಯಿಂದ ಒರೆಸಿಕೊಂಡ. “ಮೇಲಕ್ಕೆಳೆದು ಪೂರ್ತಿ ಬಿಚ್ಚಬೇಕು. ಈ ವರ್ಷದ ಗಾಳಿ ಹೋಯ್ತು ಅಂದ್ಕೋ.”

ಮಗಳು ಮೆಟ್ಟಿಲ ಮೇಲೆ ಕುಸಿದು ಕೂತಳು. ಹೊಸದಾಗಿ ಹೊಲಿದು ಮಡಿಸಿಟ್ಟಿದ್ದ ಹಾಯಿಯನ್ನು ತೊಡೆಯ ಮೇಲೆಳೆದುಕೊಂಡು ಅದರ ಅಂಚನ್ನೇ ನೋಡುತ್ತಿದ್ದಳು. ಧಕ್ಕೆಯ ಮೇಲೆ ನಿಂತಿದ್ದ ಬೋರ್ಡಪ್ಪನಿಗೆ ಅತ್ತ ದರಿ, ಇತ್ತ ಪುಲಿ. ಬಾಯಿ ಬಿಟ್ಟರೆ ಮೆಷಿನ್ ಇಳಿಯುತ್ತದೆ, ಜೀವಮಾನದ ಹೆಸರೂ ಅದರ ಜೊತೆಗೆ ಇಳಿಯುತ್ತದೆ. ಬಾಯಿ ಮುಚ್ಚಿದರೆ, ಮಧ್ಯಾಹ್ನದ ಇಳಿತಕ್ಕೆ ಗೋಡೆಯ ಕಡೆಯ ಗೆರೆಯನ್ನೂ ಏರಿಸಿ ಏನೋ ಒಂದು ಕತೆ ಕಟ್ಟಬಹುದು. ಆದರೆ ತನ್ನ ಗೆರೆಯನ್ನು ನಂಬಿ ತನ್ನ ಕೈಕೆಲಸವನ್ನೇ ದೂರಿಕೊಳ್ಳುತ್ತಿರುವ ಈ ಹುಡುಗನ ಬೆನ್ನನ್ನು ನೋಡುತ್ತ ಕತೆ ಕಟ್ಟುವಷ್ಟು ಆತ ಗಟ್ಟಿಗನಲ್ಲ.

“ಬಿಚ್ಚಬೇಡ.”

“ಏನ್ ಮಾವ?”

“ನಿನ್ನ ಹಲಗೆ ಸರಿಯಾಗಿದೆ. ಸುಳ್ಳು ಹೇಳ್ತಿರೋದು ನನ್ನ ಗೆರೆ.”

ಯಾರೂ ನಂಬಲಿಲ್ಲ. “ಇವನಿಗೆ ಬಿಸಿಲು ನೆತ್ತಿಗೇರಿದೆ, ನೀರು ಕೊಡಿ,” ಎಂದಳು ದೊಡ್ಡತ್ತೆ. ಅಳಿಯ ಎದ್ದು ಬಂದು, “ಮಾವ, ನನ್ನ ಮರ್ಯಾದೆ ಉಳಿಸೋಕೆ ನೀವು ತಪ್ಪು ಹೊತ್ಕೋಬೇಡಿ. ನಿಮ್ಮ ಗೆರೆ ತಪ್ಪೋದುಂಟಾ?” ಎಂದ.

“ತಪ್ಪಿಲ್ವೋ, ತಪ್ಪಿಸಿದೀನಿ!” ಎಂದು ಬೋರ್ಡಪ್ಪ ರೇಗಿದ. ಇಷ್ಟು ಕಷ್ಟಪಟ್ಟು ಒಪ್ಪಿಕೊಂಡ ತಪ್ಪನ್ನು ಯಾರೂ ಕೊಳ್ಳದಿದ್ದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ? “ನಡಿ, ಕಿರುದೋಣಿ ಹತ್ತು.”

ಕಡಲಿನ ಕಡೆಯ ಮಗ್ಗುಲಿಗೆ ಹೋಗಿ, ತೋಳು ಮಡಿಚಿ, ಆತ ಮೊಣಕೈವರೆಗೂ ಕೈಯನ್ನು ನೀರಿಗಿಳಿಸಿ ಬಣ್ಣ ಕೆರೆಯುವ ಪಟ್ಟಿಯಿಂದ ಕೆರೆದ. “ಈಗ ಇಲ್ಲಿ ಬೆರಳಿಡು. ಗೆರೆ ಎಲ್ಲಿ ಬರಬೇಕು ಅಂತ ನೀನೇ ಮರದಲ್ಲಿ ಒಂದು ಗೀರು ಕೆತ್ತಿ ಕೊಟ್ಟಿದ್ದೆ. ಸಿಕ್ತಾ?”

ಅಳಿಯ ನೀರಿನೊಳಗೆ ತಡಕಾಡಿದ. ಸಿಕ್ಕಿತು. ಅವನ ಕಣ್ಣು ಮೇಲಿನ ಬಿಳಿ ಗೆರೆಗೂ ನೀರಿನೊಳಗಿನ ಬೆರಳಿಗೂ ನಡುವೆ ಏರಿತು, ಇಳಿಯಿತು. ಬಳಿಕ ಭುಜ ಅಲುಗತೊಡಗಿತು. ಹುಡುಗ ಅಳುತ್ತಿದ್ದಾನೆಂದು ಬೋರ್ಡಪ್ಪ ಗಾಬರಿಯಾದ. ಆದರೆ ಅದು ನಗು. ಹೊಟ್ಟೆ ಹಿಡಿದುಕೊಂಡು, ಕಿರುದೋಣಿ ಮಗುಚುವಂತೆ, ಅವನು ನಗುತ್ತಿದ್ದ.

“ಹಲಗೆ ಸರಿಯಾಗಿದೆ ಕಣೇ!” ಎಂದು ಹೆಂಡತಿಗೆ ಕೂಗಿದ. “ದೋಣಿ ಸರಿಯಾಗಿದೆ! ನಿಮ್ಮಪ್ಪ ಕಳ್ಳ!”

ಮೇಲಿನಿಂದ ಬಗ್ಗಿದ ಮಗಳು ನಗಬೇಕೋ ಗದರಬೇಕೋ ತಿಳಿಯದೆ, “ಅಪ್ಪಾ, ಸಮುದ್ರಕ್ಕೆ ಮೋಸ ಮಾಡೋಕಾಗುತ್ತಾ?” ಎಂದಳು.

“ಸಮುದ್ರಕ್ಕಲ್ಲ ಪುಟ್ಟಿ. ನಿನ್ನ ಗಂಡನಿಗೆ ಅಂದ್ಕೊಂಡೆ,” ಎಂದ ಬೋರ್ಡಪ್ಪ. ಸ್ವಲ್ಪ ತಡೆದು, ನೀರನ್ನು ನೋಡುತ್ತ ಸೇರಿಸಿದ: “ನಿಮ್ಮಮ್ಮನ್ನ ಆ ದೀಪದಾಚೆ ಕರ್ಕೊಂಡು ಹೋಗಲೇ ಇಲ್ಲ ನಾನು. ಮೆಷಿನ್ನಾದ್ರೂ ಹೋಗ್ಲಿ ಅಂತ.”

ಮಗಳು ದೋಣಿಯೊಳಗೆ ಇಳಿದು ಹೋದಳು. ಅಳಲಿಲ್ಲ. ಮೆಷಿನ್ನಿನ ಒಂದು ಬದಿಯನ್ನು ತಾನು ಹಿಡಿದು, “ಇಳಿಸೋಣ ರೀ. ನಾವು ತಿರುಗಿ ಬರಬೇಕಲ್ಲ,” ಎಂದಳು. ಇನ್ನೊಂದು ಬದಿಯನ್ನು ಕಿರುದೋಣಿಯಿಂದ ಹತ್ತಿ ಬಂದ ಗಂಡ ಹಿಡಿದ.

ಅಷ್ಟರಲ್ಲಿ ದೊಡ್ಡತ್ತೆ, ಮೆಷಿನ್ನಿನ ನಂತರ ತನ್ನ ಜಾಡಿಗಳ ಸರದಿಯೇ ಎಂದು ಊಹಿಸಿ, ಅವನ್ನು ಬಚ್ಚಿಡಲು ಜಾಗ ಹುಡುಕುತ್ತಿದ್ದಳು. ಕಿತ್ತ ಹಲಗೆಗಳ ಕೆಳಗೆ, ದೋಣಿಯ ತಳದಲ್ಲಿ, ಕಪ್ಪಗೆ ಸಾಲಾಗಿ ಮಲಗಿದ್ದ ಗಟ್ಟಿಗಳು ಅವಳ ಕಣ್ಣಿಗೆ ಬಿದ್ದವು.

“ಇದೇನೋ ಇಷ್ಟೊಂದು ಕಬ್ಬಿಣ?”

“ಅದು ಅಡಿಭಾರ ದೊಡ್ಡತ್ತೆ. ಕೆಳಗೆ ಅಷ್ಟು ತೂಕ ಇರ್ಲೇಬೇಕು. ಇಲ್ದಿದ್ರೆ ಗಾಳಿಗೆ ದೋಣಿ ಮಗುಚುತ್ತೆ.”

“ಅಂದ್ರೆ ಬರೀ ಭಾರಕ್ಕೆ ಅಂತ ಹೊತ್ಕೊಂಡು ಹೋಗೋದಾ?”

“ಹೂಂ.”

“ಚೆನ್ನಾಗಿದೆ ನಿಮ್ಮ ಬುದ್ಧಿ! ಕೆಲಸ ಮಾಡೋ ಕಬ್ಬಿಣ ಇಳಿಸ್ತೀರಿ, ಮಲಗಿರೋ ಕಬ್ಬಿಣ ಹೊತ್ಕೊಂಡು ಹೋಗ್ತೀರಿ. ಈ ನಿನ್ನ ಗಟ್ಟಿ ಏನಾದ್ರೂ ಹೊಲಿಯುತ್ತೇನಪ್ಪಾ?”

ಮೆಷಿನ್ನನ್ನು ನಡುವೆ ಹಿಡಿದುಕೊಂಡೇ ಗಂಡಹೆಂಡಿರು ಒಬ್ಬರ ಮುಖ ಒಬ್ಬರು ನೋಡಿದರು. ದೋಣಿ ಬಲ್ಲವರಿಬ್ಬರು, ಇಷ್ಟು ದಿನ ಆ ಕಬ್ಬಿಣದ ಮೇಲೆಯೇ ನಿಂತು ಭಾರದ ಚಿಂತೆ ಮಾಡಿದ್ದರು. ಅಡಿಭಾರವೆಂದರೆ ಅವರ ಪಾಲಿಗೆ ದೋಣಿಯದೇ ಒಂದು ಅಂಗ. ಅದೂ ಒಂದು ಸಾಮಾನೆಂದು ಹೊಳೆದಿರಲಿಲ್ಲ.

“ತಳದಲ್ಲಿ ತೇವ ಇರುತ್ತೆ,” ಎಂದ ಅಳಿಯ ನಿಧಾನವಾಗಿ.

“ಮೇಣ ಹಚ್ಚಿದ ಹಾಯಿಬಟ್ಟೆಲಿ ಚೀಲ ಹೊಲೀತೀನಿ. ಬಂದರಲ್ಲಿ ಮಾತ್ರ ಹೊರಗೆ ತೆಗೆಯೋದು,” ಎಂದಳು ಮಗಳು, ಅಷ್ಟೇ ನಿಧಾನವಾಗಿ.

“ಅಲುಗದ ಹಾಗೆ ಮರದ ಗೂಡು ಮಾಡ್ಬೇಕು.”

“ಮಾಡಿ ಮತ್ತೆ! ಬಡಗಿ ಅಲ್ವಾ ನೀವು?”

ಮಂಜುಗಡ್ಡೆ ಕಾರ್ಖಾನೆಯ ದೊಡ್ಡ ತಕ್ಕಡಿಯ ಒಂದು ತಟ್ಟೆಯಲ್ಲಿ ಮೆಷಿನ್ನನ್ನೂ ಇನ್ನೊಂದರಲ್ಲಿ ಗಟ್ಟಿಗಳನ್ನೂ ಇಟ್ಟರು. ಧಕ್ಕೆಯ ಜನವೆಲ್ಲ ಸುತ್ತ ನೆರೆಯಿತು. ಗಟ್ಟಿಯ ತಟ್ಟೆ ಕೂದಲೆಳೆಯಷ್ಟು ಕೆಳಗೆ ನಿಂತಾಗ ದೊಡ್ಡತ್ತೆ ಸೆರಗಿನಡಿಯಿಂದ ಎರಡು ಜಾಡಿಗಳನ್ನು ತೆಗೆದು, ಯಾರನ್ನೂ ಕೇಳದೆ, ಮೆಷಿನ್ನಿನ ಪಕ್ಕದಲ್ಲಿಟ್ಟಳು. ಮುಳ್ಳು ನಡುವೆ ನಿಂತಿತು.

“ಬಳೆ ಕಣಪ್ಪ,” ಎಂದಳು.

ತೂಗಿದ ಗಟ್ಟಿಗಳು ಧಕ್ಕೆಯಲ್ಲಿ ಉಳಿದು ಅವುಗಳ ಜಾಗಕ್ಕೆ ಮೆಷಿನ್ನೂ ಜಾಡಿಗಳೂ ಇಳಿದವು, ಸರಿಸಿದ್ದ ಸಾಮಾನು ಮೊದಲಿದ್ದಲ್ಲಿಗೆ ಬಂತು. ಮಧ್ಯಾಹ್ನದ ಇಳಿತದಲ್ಲಿ ಬೋರ್ಡಪ್ಪ ಮತ್ತೆ ಕೆಸರಿಗಿಳಿದ. ತನ್ನ ಜೀವಮಾನದ ಅತಿ ಸುಂದರವಾದ ಗೆರೆಯ ಮೇಲೆ ತಾನೇ ನೀಲಿ ಬಳಿದ. ಹೆಬ್ಬೆರಳಿನ ಉಗುರಿನಿಂದ ಹಳೆಯ ಗೀರನ್ನು ಹುಡುಕುತ್ತ, ಅದರ ಮೇಲೆಯೇ, ಇದ್ದಲ್ಲೇ, ಬಿಳಿ ಗೆರೆಯನ್ನು ಮರಳಿ ಎಳೆದ. ಚಹಾ ಅಂಗಡಿಯವನು ಮೇಲಿನಿಂದ, “ಬೋರ್ಡಪ್ಪ, ದಾರ ಬೇಕಾದ್ರೆ ಹೇಳು, ಕೊಡ್ತೀನಿ!” ಎಂದು ಕೂಗಿದ. ಇಡೀ ಧಕ್ಕೆ ನಕ್ಕಿತು. ಬೋರ್ಡಪ್ಪ ಉಸಿರು ಬಿಗಿಹಿಡಿದಿದ್ದರಿಂದ ಉತ್ತರ ಕೊಡಲಿಲ್ಲ. ಕೊನೆಯ ಮೊಳ ಮುಗಿದ ಮೇಲೆ, ಉಸಿರು ಬಿಡುತ್ತಲೇ, ಚಹಾ ಅಂಗಡಿಯವನ ವಂಶಾವಳಿಯನ್ನು ವಿಚಾರಿಸಿದ.

ಮರುದಿನ ಬೆಳಗಿನ ಉಬ್ಬರಕ್ಕೆ ದೋಣಿ ಸಿದ್ಧವಾಗಿತ್ತು. ಒಳಗೆ ಗುಳ್ಳೆ ನಟ್ಟನಡುವೆ. ಹೊರಗೆ ಎರಡೂ ಮಗ್ಗುಲಲ್ಲಿ ಗೆರೆ ನೀರಿನ ಮೇಲೆ. ಮಗಳು ತಂದೆಯ ಕಾಲಿಗೆರಗಲು ಬಗ್ಗಿದವಳು ಮನಸ್ಸು ಬದಲಿಸಿ ಕುತ್ತಿಗೆಗೆ ಜೋತುಬಿದ್ದಳು. ಅಳಿಯ, “ಮಾವ, ಬರುವಾಗ ಮೆಷಿನ್ ಕೈಲೇ ನಿಮಗೊಂದು ಅಂಗಿ ಹೊಲಿಸಿ ತರ್ತೀವಿ. ತೋಳು ಉದ್ದ ಇರ್ಲಿ ಅಲ್ವಾ?” ಎಂದು ಕಣ್ಣು ಮಿಟುಕಿಸಿ ಹಗ್ಗ ಬಿಚ್ಚಿದ.

ಹಾಯಿಯಿನ್ನೂ ಏರದ ದೋಣಿ ಹುಟ್ಟುಗಳ ಬಲದಿಂದ, ತಟ್ಟೆಯಷ್ಟು ಸಪಾಟಾಗಿ, ಅಲೆತಡೆ ಗೋಡೆಯ ಪಕ್ಕದಲ್ಲಿ ಸಾಗಿತು. ಗೋಡೆಯ ಮೇಲೆ ಅಕ್ಕತಮ್ಮಂದಿರು ಅದರ ಜೊತೆಯಲ್ಲೇ ನಡೆದರು. ದೀಪದ ಬುಡದಲ್ಲಿ ಗೋಡೆ ಮುಗಿಯಿತು. ಇವರು ನಿಂತರು, ದೋಣಿ ನಿಲ್ಲಲಿಲ್ಲ. ದೀಪವನ್ನು ದಾಟಿದೊಡನೆ ಮಗಳು ಹೊಲಿದ ದೊಡ್ಡ ಹಾಯಿ ಸರಸರನೆ ಮೇಲೇರಿ, ಒಮ್ಮೆ ಪಟಪಟಿಸಿ, ಹೊಟ್ಟೆ ತುಂಬಿಕೊಂಡಿತು. ದೋಣಿ ಒಂದು ಮಗ್ಗುಲಿಗೆ ಬಾಗಿತು. ಬಿಳಿ ಗೆರೆ ಈ ತುದಿಯಿಂದ ಆ ತುದಿಯವರೆಗೆ ನೀರಿನಿಂದ ಎದ್ದು, ಬಿಸಿಲಿಗೆ ಝಗ್ಗೆಂದಿತು.

ದೊಡ್ಡತ್ತೆ ತಮ್ಮನ ತೋಳು ಹಿಡಿದು ಕಿರುಚಿದಳು. “ಲೋ, ಮತ್ತೆ ವಾಲ್ತಲ್ಲೋ! ಏನ್ ಮಾಡಿದ್ಯೋ ಈ ಸಲ?”

“ನಾನೇನೂ ಮಾಡಿಲ್ಲ ಅಕ್ಕ,” ಎಂದ ಬೋರ್ಡಪ್ಪ. ಕಣ್ಣಿಗೆ ಕೈ ಮರೆ ಹಿಡಿದು, ತಲೆ ಓರೆ ಮಾಡಿ, ಆತ ಆ ಗೆರೆಯನ್ನು ನೋಡುತ್ತಿದ್ದ. “ವಾಲಲಿ ಬಿಡು. ಅದು ಗಾಳಿ.”